ನೊಣ ಕೂರದ ಕೌದಿ

ಲಾಕ್‌ಡೌನ್‌ನಿಂದಾಗಿ ಡೆಲ್ಫ್ಟ್‌ನ ಮಗಳ ಮನೆಯಲ್ಲೇ ಉಳಿದುಹೋದ ಧಾರವಾಡದ ಶಿವಕ್ಕ, ಪಕ್ಕದ ಮನೆಯ ಪೋಲಿಷ್ ಬಾಣಂತಿ ಬೆಯಾತಾಳ ಕೂಸಿಗೊಂದು ಕೌದಿ ಹೊಲಿದಳು. ಬಾಲ್ಕನಿಯಿಂದ ಚಾಚಿ ಕೊಟ್ಟಾಗ ಬೆಯಾತಾ ಅದನ್ನು ಸವರಿ, “ಮುಖಾ ನ್ಯೆ ಶಾದಾ!” ಎಂದಳು.

ಮಗಳು ವೈಶಾಲಿ ಫೋನಿನಲ್ಲಿ ಅರ್ಥ ಹುಡುಕಿದಳು. “ನೊಣ ಕೂಡಂಗಿಲ್ಲ ಅಂತ ಬರಾಕತ್ತೇತಿ, ಯವ್ವಾ.”

ಶಿವಕ್ಕನ ಜೀವಕ್ಕೆ ಸಮಾಧಾನವೇ ಇಲ್ಲ. ಹೊಲಿಗೆ ಸೊಟ್ಟಾಯಿತೆ? ಹಳೇ ಸೀರೆಯ ತುಂಡೆಂದು ಹೇಸಿದಳೆ? ಅಡುಗೆಮನೆಗೂ ಬಾಲ್ಕನಿಗೂ ತಿರುಗಿದ್ದೇ ತಿರುಗಿದ್ದು. ಮರುದಿನ ತಡೆಯಲಾರದೆ ಮಗಳಿಂದ ಕೇಳಿಸಿಯೇಬಿಟ್ಟಳು.

ಬೆಯಾತಾ ನಕ್ಕು ವಿವರಿಸಿದ್ದನ್ನು ವೈಶಾಲಿ ತಿಳಿಸಿದಳು: “ಕೆಲಸ ಎಷ್ಟು ನುಣುಪು ಅಂದ್ರ ನೊಣಕ್ಕೂ ಕಾಲೂರಾಕ ಜಾಗಿಲ್ಲಂತ. ಒಂದೂ ತಪ್ಪಿಲ್ಲದಂಗ ಮಾಡಿದ್ರ ಹಿಂಗ ಹೊಗಳ್ತಾರಂತ.”

ಬೆಯಾತಾ ಕೌದಿಯಲ್ಲಿ ಸುತ್ತಿದ ಕೂಸನ್ನು ಎತ್ತಿ ತೋರಿಸಿದಳು. ಮುಟ್ಟುವ ಕಾಲವಲ್ಲ. ಶಿವಕ್ಕ ನಿಂತಲ್ಲೇ ನೆಟಿಗೆ ಮುರಿದು ದೃಷ್ಟಿ ತೆಗೆದಳು.