ನೋಡಿದ ಹೂ, ನೋಡದ ಹೂ

ನನ್ನ ಕಣ್ಣಿಗೆ ಏನೂ ಆಗಿಲ್ಲ. ಈ ವಯಸ್ಸಿನಲ್ಲೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತೇನೆ. ಅಂಥ ಕಣ್ಣನ್ನು ಪಕ್ಕದ ಮನೆಯ ಶಿವಬಸಮ್ಮ ಇಡೀ ಓಣಿಯ ಮುಂದೆ ಕೊಳ್ಳಿಗಣ್ಣು ಅಂದುಬಿಟ್ಟಳು.

ಎಲ್ಲಾ ಶುರುವಾದದ್ದು ಹೂವಿನಿಂದ. ಸಂಕ್ರಾಂತಿ ಮುಗಿದ ಮೇಲೆ ಆಕೆ ಗಂಗಾವತಿಯ ನರ್ಸರಿಯಿಂದ ತಮ್ಮನ ಕಾರಿನ ಡಿಕ್ಕಿ ತುಂಬ ಪೆಟೂನಿಯಾ ಕುಂಡಗಳನ್ನು ತಂದಳು. ಕೆನ್ನೀಲಿ, ಗುಲಾಬಿ, ಬಿಳಿ ಗೀರಿನ ಕೆಂಪು. ಕೊಪ್ಪಳದ ನಮ್ಮ ಓಣಿಯಲ್ಲಿ ಮಲ್ಲಿಗೆ, ಕಣಗಿಲೆ ಬಿಟ್ಟರೆ ಬೇರೇನು ಕಂಡಿದ್ದೆವು? ನಾನು ದಿನಾ ಕಾಂಪೌಂಡಿಗೆ ಒರಗಿ ನಿಂತು ಬಾಯ್ತುಂಬ ಹೊಗಳಿದೆ. ಹೂವನ್ನಲ್ಲದೆ ಕಲ್ಲನ್ನು ಹೊಗಳಬೇಕಿತ್ತೇ?

ಹೋಳಿ ಹುಣ್ಣಿಮೆಯ ಹೊತ್ತಿಗೆ ಒಂದೊಂದಾಗಿ ಬಾಡತೊಡಗಿದವು. ನಾನು ತುಂಬಾ ಮೆಚ್ಚಿದ್ದ ಕೆನ್ನೀಲಿ ಕುಂಡವೇ ಮೊದಲು ಹೋಯಿತು.

“ನರರ ಕಣ್ಣಿಗೆ ಮರಾನ ಸಿಡೀತೈತಂತ, ಹೂವು ತಡೀತಾವೇನು?” ಎಂದಳು ಶಿವಬಸಮ್ಮ, ನಳದ ಹತ್ತಿರ ಎಲ್ಲರೂ ಕೊಡ ಹಿಡಿದು ನಿಂತಿದ್ದಾಗ. “ಸಿಟ್ಟಾಗಬ್ಯಾಡ ಗುರುಲಿಂಗಮ್ಮ, ನಿಂದು ಕೊಳ್ಳಿಗಣ್ಣು.”

“ಹೊತ್ತಿಲ್ಲದ ಹೊತ್ತಿನ್ಯಾಗ ನೀರು ಸುರುವಿ ಬೇರು ಕೊಳಸಿದಾಕಿ ನೀನು. ಕುಣೀಲಾರದಾಕಿ ಅಂಗಳ ಡೊಂಕು ಅಂದಳಂತ!” ಎಂದು ನಾನೂ ಬಿಡಲಿಲ್ಲ.

ಆಕೆ ಉಳಿದ ಕುಂಡಗಳನ್ನು ನನಗೆ ಕಾಣದಂತೆ ಮಾಳಿಗೆಗೆ ಸಾಗಿಸಿದಳು.

ಬಾಯಿಯಲ್ಲಿ ಗೆದ್ದು ಬಂದೆ, ಆದರೆ ಮನಸ್ಸಿನಲ್ಲಿ ಹುಳು ಹೊಕ್ಕಿತು. ಮನೆಯಲ್ಲಿ ನನ್ನ ಮಗಳು ಐಶ್ವರ್ಯ ಚೊಚ್ಚಲ ಹೆರಿಗೆಗೆ ಬಂದು ಕೂತಿದ್ದಾಳೆ. ಶಿವಬಸಮ್ಮನ ಮಾತು ನಿಜವಾಗಿದ್ದರೆ? ನಾಳೆ ನಾನು ಆ ಕೂಸನ್ನು ನೋಡುವುದು ಹೇಗೆ? ಮಾತನ್ನು ಸುಮ್ಮನೆ ನಂಬುವುದು ನನ್ನಿಂದಾಗದು, ಪರೀಕ್ಷೆ ಮಾಡದೆ ಬಿಡುವುದೂ ಆಗದು.

ನಾನು ದಿನಾ ಕಾಯಿಪಲ್ಯಕ್ಕೆ ಹೋಗುವ ದೊಡ್ಡ ರಸ್ತೆಯ ನಡುವೆ ಸಿಮೆಂಟಿನ ತೊಟ್ಟಿಗಳನ್ನಿಟ್ಟು ಅವೇ ಪೆಟೂನಿಯಾ ಹಾಕಿದ್ದರು. ಆ ಸಾಲು ಸರ್ಕಲ್ಲಿನವರೆಗೆ ಇತ್ತು, ಸರ್ಕಲ್ ದಾಟಿದ ಮೇಲೂ ಇತ್ತು. ಸರ್ಕಲ್ಲಿನ ಈಚೆಗಿನವನ್ನು ಕಣ್ಣರಳಿಸಿ ನೋಡಬೇಕು, ಹೊಗಳಬೇಕು. ಆಚೆಗಿನವನ್ನು ಅಪ್ಪಿತಪ್ಪಿಯೂ ನೋಡಬಾರದು. ಹೀಗೆಂದು ಗೆರೆ ಹಾಕಿಕೊಂಡೆ.

ಈಚೆ ನಿಂತು, “ಅಯ್ಯ, ಎಷ್ಟ್ ಛಂದ ಅರಳೀರಿ! ಯಾರ ಹೊಟ್ಟ್ಯಾಗ ಹುಟ್ಟೀರಿ!” ಎನ್ನುತ್ತಿದ್ದೆ. ಬೈಕಿನವರು ತಿರುಗಿ ನೋಡುತ್ತಿದ್ದರು. ಸರ್ಕಲ್ ದಾಟಿದ ಕೂಡಲೇ ಕೊಡೆಯನ್ನು ಅಡ್ಡ ಹಿಡಿದು, ನೆಲ ನೋಡುತ್ತಾ ನಡೆಯುತ್ತಿದ್ದೆ. ಅಲ್ಲಿ ಚಹದ ಗಾಡಿ ಇಟ್ಟಿರುವ ರಫೀ ಒಂದು ದಿನ ತಡೆಯಲಾರದೆ ಕೇಳಿದ.

“ಯಾಕ್ರೀ ಅಮ್ಮಾ, ನಮ್ಮ ಕಡೆ ಮಾರಿ ತಿರುವೂದ ಇಲ್ಲಲ್ಲ? ಸಿಟ್ಟೇನು?”

“ಸಿಟ್ಟಲ್ಲೋ, ಪರೀಕ್ಷಾ ನಡದೈತಿ.”

“ಈ ವಯಸ್ಸಿನ್ಯಾಗ ಯಾವ ಪರೀಕ್ಷಾರೀ?”

“ಸುಮ್ನಿರೋ, ರಿಸಲ್ಟ್ ಬಂದಮ್ಯಾಲ ಹೇಳ್ತೀನಿ.”

ಯುಗಾದಿ ದಾಟಿತು, ಬಿಸಿಲು ಏರಿತು. ಒಂದು ಮುಂಜಾನೆ ನೋಡಿದರೆ ನಾನು ಹೊಗಳಿದ ಸಾಲೆಲ್ಲ ಕಂದು ಬಣ್ಣಕ್ಕೆ ತಿರುಗಿ ತಲೆ ಬಾಗಿಸಿದೆ! ಸರ್ಕಲ್ಲಿನ ಆಚೆ ಹೋಗುವ ಧೈರ್ಯವೇ ಬರಲಿಲ್ಲ. ಅಲ್ಲಿ ಹೂಗಳು ನಳನಳಿಸುತ್ತಿದ್ದರೆ ನನ್ನ ಕಥೆ ಮುಗಿದಂತೆ. ಕಾಯಿಪಲ್ಯ ತರದೆ ಮನೆಗೆ ಬಂದೆ.

ಆ ದಿನವೇ ಐಶ್ವರ್ಯಳಿಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆವು. ಹೆಣ್ಣು ಕೂಸು. ನಮ್ಮ ಅಕ್ಕನಿಗೆ ಕಣ್ಣಿನ ಆಪರೇಶನ್ ಆದಾಗ ಡಾಕ್ಟರು ಕೊಟ್ಟಿದ್ದ ಕಪ್ಪು ಕನ್ನಡಕವನ್ನು ಏರಿಸಿಕೊಂಡೇ ನಾನು ಒಳಗೆ ಹೋದೆ. ಕಣ್ಣುಬೇನೆ ಬಂದಿದೆ ಎಂದು ಸುಳ್ಳು ಹೇಳಿದೆ. ಮಗಳು ಕೂಸನ್ನು ನನ್ನ ಕಡೆ ಚಾಚಿದಳು. ನಾನು ಗೋಡೆಯ ಕಡೆ ನೋಡಿದೆ.

ಮನೆಗೆ ಬಂದ ಮೇಲೂ ಅದೇ ಆಟ. ಕೂಸಿಗೆ ನೀರು ಹಾಕುವುದಕ್ಕೂ ಬೇರೆಯವರನ್ನು ಕರೆದೆ. ಕೊನೆಗೊಂದು ಮುಂಜಾನೆ ಐಶ್ವರ್ಯ ಕೇಳಿಯೇಬಿಟ್ಟಳು.

“ಖರೇ ಹೇಳವ್ವಾ. ಹೆಣ್ಣು ಹುಟ್ಟೇತಂತ ಮಾರಿ ತಿರುವಾಕತ್ತೀ ಏನು?”

ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹೆಣ್ಣು ಅಂತ ನಾನು, ಐಶ್ವರ್ಯಳನ್ನು ಹೆತ್ತವಳು, ಮುಖ ತಿರುಗಿಸುವುದೇ! ಇದ್ದದ್ದನ್ನು ಹೇಳೋಣವೆಂದರೆ, ನನ್ನ ಕಣ್ಣು ಕೆಟ್ಟದ್ದೆಂದು ಬಾಣಂತಿಯ ಮುಂದೆ ಯಾವ ಬಾಯಿಂದ ಹೇಳಲಿ? “ಬಂದೆ, ಇರು” ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಕೊಡೆ ಒಯ್ಯಲಿಲ್ಲ.

ಸರ್ಕಲ್ ದಾಟಿದೆ. ಕನ್ನಡಕ ತೆಗೆದೆ. ತಲೆ ಎತ್ತಿದೆ.

ಸತ್ತಿದ್ದವು! ಒಂದಾದರೂ ಉಳಿದಿರಬೇಕಲ್ಲ, ಇಲ್ಲ. ನಾನು ಒಂದು ದಿನವೂ ನೋಡದ ಹೂಗಳೆಲ್ಲ ನೋಡಿದ ಹೂಗಳ ಹಾಗೆಯೇ ಒಣಗಿ ನಿಂತಿದ್ದವು. ನಡುರಸ್ತೆಯಲ್ಲಿ ನಿಂತು ಜೋರಾಗಿ ನಕ್ಕೆ. ಕಣ್ಣಲ್ಲಿ ನೀರೂ ಬಂತು.

“ಏನಾತ್ರೀ ಅಮ್ಮಾ?” ರಫೀ ಗಾಡಿ ಬಿಟ್ಟು ಓಡಿ ಬಂದ.

“ಪಾಸಾದ್ನೋ ರಫೀ! ಇವೂ ಸತ್ತಾವು!”

“ಇವು ಪ್ರತಿ ವರ್ಷ ಬ್ಯಾಸಿಗಿಗೆ ಸಾಯ್ತಾವ್ರೀ. ಮತ್ತ ಚಳಿಗಾಲಕ್ಕ ಹೊಸಾವು ಹಚ್ತಾರ. ಅದಕ್ಯಾಕ ಅಳಾಕತ್ತೀರಿ?”

ಪ್ರತಿ ವರ್ಷ ಸಾಯುತ್ತವಂತೆ! ನರ್ಸರಿಯವನು ಇಷ್ಟು ಮಾತು ಶಿವಬಸಮ್ಮನಿಗೆ ಹೇಳಿ ಕಳಿಸಿದ್ದರೆ ನನಗೆ ಈ ವನವಾಸವೇ ಇರುತ್ತಿರಲಿಲ್ಲ. ತೊಟ್ಟಿಯಲ್ಲಿ ಒಣಗಿದ ಬೀಜದ ಕಾಯಿಗಳು ಕಂಡವು. ಒಂದಷ್ಟು ಕಿತ್ತು ಸೆರಗಿಗೆ ಕಟ್ಟಿಕೊಂಡು ಮನೆಯ ಕಡೆ ದಾಪುಗಾಲು ಹಾಕಿದೆ.

ಐಶ್ವರ್ಯಳ ಕೈಯಿಂದ ಕೂಸನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ನಮ್ಮವ್ವನ ಗದ್ದ, ಅಳಿಯನ ಕಿವಿ. ನೆತ್ತಿಯಿಂದ ಉಗುರಿನವರೆಗೆ ಕಣ್ತುಂಬ ನೋಡಿದೆ.

“ನನ್ನವ್ವಾ, ಎಷ್ಟ್ ಛಂದ ಅದೀಯೇ! ಬಂಗಾರದ ಗೊಂಬಿ ಅದೀಯೇ!”

ನಡೆದದ್ದನ್ನೆಲ್ಲ ಹೇಳಿದಾಗ ಐಶ್ವರ್ಯ ಮೊದಲು ನಕ್ಕಳು, ಆಮೇಲೆ ಅತ್ತಳು. “ನೋಡವ್ವಾ, ಎಷ್ಟು ಬೇಕಷ್ಟು ನೋಡು. ದೃಷ್ಟಿ ಆದ್ರ ನಿಂದ ಆಗ್ಲಿ” ಎಂದು ನನ್ನ ತೋಳಿಗೆ ತಲೆ ಒರಗಿಸಿದಳು.

ಅಷ್ಟರಲ್ಲಿ ಹೊರಗೆ ಶಿವಬಸಮ್ಮನ ದನಿ ಕೇಳಿಸಿತು. “ಗುರುಲಿಂಗಮ್ಮಾ, ಮಾಳಗಿ ಮ್ಯಾಲಿನಾವೂ ಹೋದ್ವಲ್ಲೇ. ತಪ್ಪಾತು ನಂದು. ಕೂಸಿನ್ನ ನೋಡಾಕ ಬರಲೇನು?”

“ಬಾರವ್ವಾ, ಬಾ” ಎಂದು ಕೂಗಿದೆ. ಹಾಗೆ ಕೂಗುತ್ತಲೇ ಕಾಡಿಗೆಯ ಡಬ್ಬಿಗೆ ಬೆರಳದ್ದಿ, ಆಕೆ ಹೊಸ್ತಿಲು ದಾಟುವುದರೊಳಗೆ ಕೂಸಿನ ಕೆನ್ನೆಗೆ ದೊಡ್ಡದೊಂದು ಬೊಟ್ಟು ಇಟ್ಟೆ. ಪರೀಕ್ಷೆಯಾದದ್ದು ನನ್ನ ಕಣ್ಣಿಗೆ ಮಾತ್ರ. ಶಿವಬಸಮ್ಮನದು ಇನ್ನೂ ಆಗಿಲ್ಲವಲ್ಲ.