ಜಲಜಕ್ಕ ಅರ್ಧಕ್ಕೇ ಇಳಿದ ಬೆಟ್ಟ

ಆ ಶನಿವಾರ ಬೆಳಿಗ್ಗೆ ಮಲೇಷ್ಯಾದ ಕಿನಬಾಲು ಬೆಟ್ಟ ಮುಸುಕು ಸರಿಸಿ ನಿಂತಿತ್ತು. ಹಿಂದಿನ ದಿನದ ಮಳೆ ತೊಳೆದಿಟ್ಟ ಆಕಾಶದಲ್ಲಿ ಮೋಡದ ಒಂದು ಎಳೆಯೂ ಇರಲಿಲ್ಲ. ಎಳೆಬಿಸಿಲು ಬಿದ್ದಿದ್ದರೂ ಗಾಳಿ ಕಿವಿ ಹಿಂಡುತ್ತಿತ್ತು. ಕ್ವಾಲಾಲಂಪುರದ ಪಕ್ಕದ ಪುಚೊಂಗ್‌ನ ಸೆಕೆಗೆ ಒಗ್ಗಿಹೋಗಿದ್ದ ಜಲಜಾಕ್ಷಿ ಶಾಲನ್ನು ತಲೆಗೆ ಹೊದ್ದು, ತುದಿಯ ಬೋಳು ಬಂಡೆಗೆ ಕೈಮುಗಿದರು.

"ಅದೆಂತ ಅಷ್ಟು ನುಣ್ಣಗೆ ಉಂಟು?"

"ಒಂದು ಕಾಲಕ್ಕೆ ಅಲ್ಲಿ ಹಿಮ ಹರಿಯುತ್ತಿತ್ತಂತೆ ಜಲಜಕ್ಕ. ಸಾವಿರಾರು ವರ್ಷ ಉಜ್ಜಿ ಉಜ್ಜಿ ಹಾಗಾದದ್ದು," ಎಂದರು ಉಷಾ.

"ನನ್ನ ದೋಸೆಕಲ್ಲಿನ ಹಾಗೆ."

ಉಷಾ ಮಣಿಪಾಲದವರು, ಕ್ವಾಲಾಲಂಪುರದ ಕಾಲೇಜೊಂದರಲ್ಲಿ ನರ್ಸಿಂಗ್ ಕಲಿಸುವವರು. ಜಲಜಾಕ್ಷಿ ಉಡುಪಿಯವರು, ಮಕ್ಕಳಿಗೆ ಭಜನೆ ಹೇಳಿಕೊಡುವವರು. ಹನ್ನೊಂದು ವರ್ಷದ ಗೆಳೆತನ. ಆ ತುದಿಯನ್ನು ಮುಟ್ಟಬೇಕೆನ್ನುವುದು ಉಷಾ ಅವರ ಬಹುಕಾಲದ ಆಸೆ. ಎರಡು ಸಲ ಹೊರಟು ಎರಡು ಸಲವೂ ತಪ್ಪಿತ್ತು. ಈ ಸಲ ಆರು ತಿಂಗಳು ಕಾದ ಮೇಲೆ, ಮಲೇಷ್ಯಾ ದಿನದ ರಜೆಗೆ ಹತ್ತುವ ಪರವಾನಗಿ ಸಿಕ್ಕಿತ್ತು. ಇಬ್ಬರಿಗೂ ಸೇರಿ ಸೈರಿನ್ ಎಂಬ ಒಬ್ಬನೇ ಗೈಡ್. ಗೈಡ್ ಇಲ್ಲದೆ ಅಲ್ಲಿ ಹತ್ತುವಂತಿಲ್ಲ; ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರೂ ಇಳಿಯಲೇಬೇಕು.

ಮೊದಲನೆಯ ತಂಗುದಾಣದಲ್ಲಿ ಉಷಾ ನೀರಿನ ಬಾಟಲಿ ಚಾಚಿದಾಗ ಜಲಜಾಕ್ಷಿ ಬೇಡವೆಂದು ತಲೆಯಾಡಿಸಿದರು.

"ಇವತ್ತು ಏಕಾದಶಿ ಅಲ್ವಾ."

"ನೀರೂ ಇಲ್ವಾ? ಬೆಟ್ಟ ಹತ್ತುವ ದಿನವೂ?"

"ಇಪ್ಪತ್ತೆರಡು ವರ್ಷದಿಂದ ಒಂದೂ ತಪ್ಪಿಸ್ಲಿಲ್ಲ. ಏಕಾದಶಿ ದಿನವೇ ಹದಿನೈದು ಜನರಿಗೆ ಅಡುಗೆ ಮಾಡಿ ಬಡಿಸಿದ್ದೇನೆ. ಎರಡು ಸಲ ಪಾಯಸ ಹಾಕಿಸಿಕೊಂಡದ್ದು ನೀನೇ."

"ನಿಮ್ಮ ಅಡುಗೆಮನೆ ಎರಡು ಸಾವಿರ ಮೀಟರ್ ಎತ್ತರದಲ್ಲಿ ಇರ್ಲಿಲ್ಲ."

"ದೇವರಿಗೆ ಎತ್ತರ ತಗ್ಗು ಉಂಟಾ? ನಡಿ ಮಾರಾಯ್ತಿ."

ನಾಲ್ಕನೆಯ ಕಿಲೋಮೀಟರು ದಾಟುವಾಗ ಜಲಜಾಕ್ಷಿಯವರ ಹಣೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟತೊಡಗಿದರು. ಮೆಟ್ಟಿಲುಗಳು ಮೆಲ್ಲಗೆ ಓಲಾಡಿದವು. ಮುಂದೆ ಹೋಗುತ್ತಿದ್ದ ಉಷಾ ಗುನುಗುತ್ತಿದ್ದರು; ಅಷ್ಟು ಹಗುರಾಗಿ ಅವರು ನಡೆದದ್ದನ್ನು ಜಲಜಾಕ್ಷಿ ಎಂದೂ ಕಂಡಿರಲಿಲ್ಲ.

"ಓಕೆ, ಕಾಕ್?" ಎಂದು ಸೈರಿನ್ ಕೇಳಿದ. ಅಲ್ಲಿನವರು ಅಕ್ಕನನ್ನು ಕರೆಯುವುದು ಹಾಗೆ.

"ಓಕೆ ಲಾ," ಎಂದರು ಜಲಜಾಕ್ಷಿ ಅಲ್ಲಿನವರದೇ ಧಾಟಿಯಲ್ಲಿ, ಮರದ ಬೇರು ಹಿಡಿದುಕೊಂಡು.

ಐದನೆಯ ಕಿಲೋಮೀಟರಿನ ತಂಗುದಾಣದಲ್ಲಿ ಅವರಿಗೆ ವಾಂತಿಯಾಯಿತು. ಬರಿಹೊಟ್ಟೆಯಿಂದ ಬಂದದ್ದು ಹುಳಿನೀರು ಮಾತ್ರ. ಉಷಾ ಪಕ್ಕಕ್ಕೆ ಬಂದು ಕುಳಿತರು.

"ತಲೆನೋವು ಯಾವಾಗಿಂದ?"

"ಈಗಷ್ಟೆ."

"ಜಲಜಕ್ಕ."

"ಒಂದು ಗಂಟೆ ಆಯ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇಳಿಸ್ತಿ. ಮೂರನೇ ಸಲವೂ ನಿನಗೆ ತಪ್ತದೆ."

ಉಷಾ ಕೈಹಿಡಿದು ಎಬ್ಬಿಸಿದರು. ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ನೆಟ್ಟಗೆ ನಡೆಯಲು ಹೇಳಿದರು. ಮೂರನೆಯ ಹೆಜ್ಜೆಗೆ ಜಲಜಾಕ್ಷಿ ವಾಲಿದರು, ಸೈರಿನ್ ಹಿಡಿದುಕೊಂಡ.

"ಕೇಶವನಾಮ ಹೇಳಿ ನೋಡುವ."

"ಕೇಶವ, ನಾರಾಯಣ, ಮಾಧವ, ಗೋವಿಂದ, ವಿಷ್ಣು..." ಜಲಜಾಕ್ಷಿ ನಿಂತರು. "ವಿಷ್ಣು..."

ಏಳನೆಯ ವರ್ಷದಲ್ಲಿ ಅಪ್ಪ ಕಲಿಸಿದ ನಾಮಗಳು. ಹೆರಿಗೆಯ ನೋವಿನಲ್ಲೂ ನಾಲಿಗೆ ಬಿಟ್ಟು ಹೋಗದ ನಾಮಗಳು. ವಿಷ್ಣುವಿನ ಆಚೆಗೆ ಈಗ ಬಯಲು. ಅವರು ಉಷಾ ಅವರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು.

"ಇದು ಎತ್ತರದ ಕಾಯಿಲೆ ಜಲಜಕ್ಕ. ಮೇಲೆ ಹೋದಷ್ಟೂ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಅದರ ಮೇಲೆ ನಿಮ್ಮ ಮೈಯಲ್ಲಿ ನೀರೂ ಇಲ್ಲ. ಈಗಲೇ ಇಳಿಯುವುದು, ಬೇರೆ ದಾರಿ ಇಲ್ಲ."

"ಮೇಲೆ ರಾತ್ರಿ ತಂಗುವ ಮನೆಗೆ ಹೋಗಿ ಮಲಗಿದ್ರೆ?"

"ಇನ್ನೂ ಕೆಡ್ತದೆ. ಜೀವಕ್ಕೇ ಕುತ್ತು ಬರಬಹುದು."

"ವ್ರತ?"

"ನೀರು, ಹಣ್ಣು, ಹಾಲು, ಔಷಧಿಯಿಂದ ವ್ರತ ಕೆಡುವುದಿಲ್ಲ ಅಂತ ಹಿರಿಯರೇ ಹೇಳಿದ್ದಾರಲ್ಲ."

"ಅದು ಕಾಯಿಲೆಯವರಿಗೆ."

"ಈಗ ಕಾಯಿಲೆ ಯಾರಿಗೆ? ಸೈರಿನ್‌ಗಾ?"

ಜಲಜಾಕ್ಷಿ ಅಂಗೈ ಒಡ್ಡಿದರು. ಉಷಾ ಹನಿಸಿದ ನೀರನ್ನು ಕಣ್ಣಿಗೊತ್ತಿಕೊಂಡು, "ಕೃಷ್ಣಾರ್ಪಣ" ಎಂದು ಗುಟುಕರಿಸಿದರು. ಸೈರಿನ್ ಅವರ ಚೀಲವನ್ನು ಎದೆಗೆ ಹಾಕಿಕೊಂಡು ರಟ್ಟೆ ಹಿಡಿದ. "ಪೆಲಾನ್ ಪೆಲಾನ್," ಎಂದ. ನಿಧಾನ, ನಿಧಾನ.

ಉಷಾ ಒಮ್ಮೆಯೂ ಹಿಂದಿರುಗಿ ತುದಿಯತ್ತ ನೋಡಲಿಲ್ಲ. ಜಲಜಾಕ್ಷಿ ಅದನ್ನು ಗಮನಿಸಿದರು.

ಎರಡು ಕಿಲೋಮೀಟರು ಇಳಿಯುವಷ್ಟರಲ್ಲಿ ಒನಕೆಯ ಪೆಟ್ಟು ಕಡಿಮೆಯಾಯಿತು. ಯಾರೂ ಕೇಳದೆಯೇ ಅವರ ತುಟಿ ಆಡಿತು: "ವಿಷ್ಣು, ಮಧುಸೂದನ, ತ್ರಿವಿಕ್ರಮ, ವಾಮನ..."

"ಸಿಕ್ಕಿದ್ವಾ?" ಉಷಾ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು.

"ಎಲ್ಲ ಸಿಕ್ಕಿದ್ವು. ಇನ್ನು ಹೀಗೆ ಮುಚ್ಚಿಡುವುದಿಲ್ಲ ಮಾರಾಯ್ತಿ."

ಅಕ್ಕಂದಿರೇ, ಅಣ್ಣಂದಿರೇ, ರಜೆ ಬಂತೆಂದರೆ ನಮ್ಮವರೂ ಈಗ ಬೆಟ್ಟಕ್ಕೆ ಹೊರಡುತ್ತಾರೆ. ಸಂತೋಷ, ಹೋಗಿ ಬನ್ನಿ. ಆದರೆ ಹತ್ತುವ ದಿನ ಉಪವಾಸ ಬೇಡ, ನೀರು ಬಿಡಬೇಡಿ. ಎರಡೂವರೆ ಸಾವಿರ ಮೀಟರಿನಿಂದ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಜೊತೆಯವರಿಗೆ ಆಗಲೇ ಹೇಳಿ, ಅಲ್ಲಿಂದ ಮೇಲೆ ಹೋಗಬೇಡಿ. ಹೆಜ್ಜೆ ತಪ್ಪಿದರೆ, ಮಾತು ಮರೆತರೆ, ಕುಳಿತಲ್ಲೇ ಏದುಸಿರು ಬಂದರೆ ತಡಮಾಡದೆ ಇಳಿಯಿರಿ. ಒಬ್ಬರೇ ಇಳಿಯಬೇಡಿ, ಇಳಿದವರು ವೈದ್ಯರನ್ನು ಕಾಣಿ. ಗೆಳತಿಗೆ ಬೇಸರವಾದೀತೆಂದು ನೋವು ಮುಚ್ಚಿಟ್ಟರೆ ಅದು ಪ್ರೀತಿಯಲ್ಲ. ಆ ಗೆಳತಿಗೆ ಬೇಕಾದದ್ದು ನೀವು.

ಇನ್ನು ಉಳಿದದ್ದು ಇಷ್ಟೇ. ಡಿಸೆಂಬರಿನ ಒಂದು ಭಾನುವಾರ ಇಬ್ಬರೂ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ದೇವಸ್ಥಾನಕ್ಕೆ ಹೋಗಿ, ಎದುರಿನ ಹೋಟೆಲಿನಲ್ಲಿ ಕಾಫಿಗೆ ಕುಳಿತಿದ್ದರು. ಜಲಜಾಕ್ಷಿ ಮೆಣಸಿನಕಾಯಿಯ ರೇಟು ಏರಿದ್ದನ್ನು ಹೇಳುತ್ತಾ ಹೇಳುತ್ತಾ, ಪರ್ಸಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನಾಚೆ ಸರಿಸಿದರು. ಮಾರ್ಚ್ ತಿಂಗಳ ಕಿನಬಾಲು ಪರವಾನಗಿ. ಅದರಲ್ಲಿ ಉಷಾ ಅವರ ಹೆಸರೊಂದೇ ಇತ್ತು.