ಚಿಮಟದ ನೆತ್ತಿಯ ಗೆರೆ

ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಮಡ್‌ಗಾರ್ಡ್ ಇಲ್ಲದ ಸೈಕಲ್ಲನ್ನು ಇಂಗ್ಲೆಂಡಿನ ಯಾರ್ಕ್‌ಶೈರಿನ ಆ ಸೈಕಲ್ ಕ್ಲಬ್ಬಿನವರು ಭಾನುವಾರದ ಸವಾರಿಗೆ ಸೇರಿಸುತ್ತಿರಲಿಲ್ಲ. ಮುಂದಿನವನ ಚಕ್ರದ ಕೆಸರನ್ನು ಹಿಂದಿನವನು ಯಾಕೆ ತಿನ್ನಬೇಕು ಎಂಬುದು ಅವರ ವಾದ. ಆದರೆ ಅವರ ಸೈಕಲ್ಲುಗಳು ಮೂವತ್ತು ವರ್ಷ ಹಳೆಯವು. ಮುಂದಿನ ಚಕ್ರಕ್ಕೂ ಅದನ್ನು ಎರಡೂ ಬದಿಯಿಂದ ಹಿಡಿದ ಚಿಮಟದ, ಅಂದರೆ ಫೋರ್ಕಿನ, ನೆತ್ತಿಗೂ ನಡುವೆ ಕಿರುಬೆರಳು ತೂರುತ್ತಿರಲಿಲ್ಲ. ಅಲ್ಲಿ ಮಡ್‌ಗಾರ್ಡ್ ಕೂರಿಸಬಲ್ಲವನು ಕ್ಲಿಫರ್ಡ್ ಆಗ್ಡೆನ್ ಒಬ್ಬನೇ. ನಲವತ್ತು ವರ್ಷ ಲೇತ್ ಮೇಲೆ ದುಡಿದು ನಿವೃತ್ತನಾದವನು. ಹೇಗೆ ಕೂರಿಸಿದೆ ಎಂದು ಕೇಳಿದರೆ, ಮಡ್‌ಗಾರ್ಡಿನ ತಗಡಿಗೆ ಬುದ್ಧಿ ಹೇಳಿದೆ ಎನ್ನುತ್ತಿದ್ದ. ನಿಜವೆಂದರೆ ಶೆಡ್ಡಿನ ಬಾಗಿಲು ಹಾಕಿಕೊಂಡು, ನೆತ್ತಿಯ ಉಕ್ಕನ್ನೇ ಅಡಿಯಿಂದ ಎರಡು ಮಿಲಿಮೀಟರ್ ಅರದಿಂದ ಉಜ್ಜಿ, ಕಪ್ಪು ಬಣ್ಣ ಬಳಿದುಬಿಡುತ್ತಿದ್ದ.

ನವೆಂಬರಿನ ಆ ಭಾನುವಾರ ಶಾಲೆಯ ಮೇಷ್ಟರಮ್ಮ ಮಾವಿಸ್ ಸವಾರಿಗೆ ಹೋಗದೆ ಸೈಕಲ್ ತಳ್ಳಿಕೊಂಡು ಅವನ ಶೆಡ್ಡಿಗೆ ಬಂದಳು. ಮುಂದಿನ ಮಡ್‌ಗಾರ್ಡ್ ಟೈರಿಗೆ ಉಜ್ಜುತ್ತಿತ್ತು.

"ನೀನು ಹೇಳಿದ ಬುದ್ಧಿನ ತಗಡು ಮರೆತುಬಿಟ್ಟಿದೆ ಕಣೋ, ಮುದುಕ."

ಕ್ಲಿಫರ್ಡ್ ನಗುತ್ತಲೇ ಚಕ್ರ ಬಿಚ್ಚಿದ, ತಗಡು ಬಿಚ್ಚಿದ, ನೆತ್ತಿಯನ್ನು ಬಟ್ಟೆಯಿಂದ ಒರೆಸಿದ. ಒಂದು ಗೆರೆ ಹೋಗಲಿಲ್ಲ. ಕೂದಲೆಂದುಕೊಂಡು ಉಗುರಿನಿಂದ ಕೆರೆದ. ಉಗುರು ಸಿಕ್ಕಿಕೊಂಡಿತು. ಚಿಮಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿದಾಗ ಗೆರೆ ಬಾಯಿಬಿಟ್ಟಿತು. ಒಳಗೆ ಹೊಸ ಉಕ್ಕು ಹೊಳೆಯಿತು. ಅವನು ಅರ ಆಡಿಸಿದ ಜಾಗದಲ್ಲೇ.

ನಿನ್ನೆ ಚರ್ಚಿನ ಇಳಿಜಾರಿನಲ್ಲಿ ಬ್ರೇಕೇ ಹಿಡಿಯದೆ ಇಳಿದೆ ಎಂದು ಮಾವಿಸ್ ಹೇಳುತ್ತಿದ್ದಳು.

ಅವನು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಅವನು ಹೀಗೆ ಉಜ್ಜಿದ ಸೈಕಲ್ಲುಗಳು ಇನ್ನೂ ಐದಿದ್ದವು. ಐದೂ ಬೆಳಿಗ್ಗೆ ಹೊರಟಿದ್ದವು. ಹನ್ನೆರಡಕ್ಕೆ ಗುಡ್ಡದ ತುದಿಯ ಹೋಟೆಲಿನಲ್ಲಿ ಚಹಾ. ಆಮೇಲೆ ಹೊಳೆಯವರೆಗೆ ಒಂದೂವರೆ ಮೈಲಿ ಇಳಿಜಾರು. ಅಲ್ಲಿ ಬ್ರೇಕ್ ಹಿಡಿದಾಗ ಸೀಳಿದ ಚಿಮಟ ಮುರಿದರೆ ಚಕ್ರವೇ ಕಳಚಿಹೋಗುತ್ತದೆ. ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುತ್ತಿತ್ತು.

ಮನೆಯೊಳಗೆ ಓಡಿ ಹೋಟೆಲಿಗೆ ಫೋನ್ ಮಾಡಿದ. ಅವರಿನ್ನೂ ಹೊರಟಿರಲಿಲ್ಲ. ಕ್ಲಬ್ಬಿನ ಮುಖಂಡ ಲೆನ್ ಫೋನಿಗೆ ಬಂದ. ಸೈಕಲ್ಲುಗಳನ್ನು ತಳ್ಳಿಕೊಂಡೇ ಇಳಿಯಿರಿ ಎಂದು ಕ್ಲಿಫರ್ಡ್ ಹೇಳಿದ. ಲೆನ್ ನಕ್ಕ. ಬೆಳಿಗ್ಗೆಯಿಂದಲೇ ಕುಡಿಯೋಕೆ ಶುರು ಹಚ್ಚಿಕೊಂಡಿದ್ದೀಯಾ ಎಂದು ಕೇಳಿದ. ಇನ್ನು ಸುಳ್ಳಿಗೆ ಜಾಗವಿರಲಿಲ್ಲ.

"ಲೆನ್, ನಾನು ತಗಡು ಬಗ್ಗಿಸಿಲ್ಲ. ನಿಮ್ಮ ಚಿಮಟಾನೇ ಉಜ್ಜಿದ್ದೀನಿ. ಐದೂ. ಮಾವಿಸ್‌ದು ಸೀಳಿದೆ. ಹೋಗಿ ತಗಡು ಬಿಚ್ಚಿ ಒರೆಸಿ ನೋಡು."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಚಮಚಗಳ ಸದ್ದು. ಯಾರೋ ಕೆಮ್ಮಿದರು. ಬಹಳ ಹೊತ್ತಾದ ಮೇಲೆ ಲೆನ್ ವಾಪಸ್ಸು ಬಂದ. ಈಗ ದನಿಯಲ್ಲಿ ನಗುವಿರಲಿಲ್ಲ.

"ನನ್ನದರಲ್ಲೂ ಇದೆ," ಎಂದು ಫೋನ್ ಇಟ್ಟುಬಿಟ್ಟ.

ಕ್ಲಿಫರ್ಡ್ ತಿರುಗಿದ. ಮಾವಿಸ್ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಾನು ಕೇಳಿದ್ದು ಕೆಸರು ಹಾರಬಾರದು ಅಂತ ಅಷ್ಟೇ," ಎಂದಳು.